ಗುಜರಿಗೆ ಹೋಗುವ ಫೋನಿನಲ್ಲಿ ಮನೆಮಂದಿಯೆಲ್ಲ ಇದ್ದಾರೆ

ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕುಗಳಲ್ಲಿ ಹಳೆಯ ಫೋನು ಮನೆ ಬಿಡುವ ದಾರಿಗಳು ಹೆಚ್ಚೇನಿಲ್ಲ. ಪೇಟೆಯ ಮೊಬೈಲ್ ಅಂಗಡಿಯಲ್ಲಿ ಎಕ್ಸ್‌ಚೇಂಜಿಗೆ ಹೋಗುತ್ತದೆ. ಇಲ್ಲವೇ ಮನೆಯೊಳಗೇ ಕೈ ಬದಲಾಗುತ್ತದೆ: ಮಗನದ್ದು ಅಪ್ಪನಿಗೆ, ಅಪ್ಪನದ್ದು ಅಜ್ಜಿಗೆ, ಅಜ್ಜಿಯದ್ದು ತೋಟದ ಕೆಲಸಕ್ಕೆ ಬರುವವರಿಗೆ. ಪೂರ್ತಿ ಹಾಳಾದದ್ದು ಕಪಾಟಿನ ಮೂಲೆ ಸೇರಿ, ಒಂದು ದಿನ ಗುಜರಿಯವರ ಗಾಡಿ ಹತ್ತುತ್ತದೆ. ಹಳೆ ಕಬ್ಬಿಣ, ಪ್ಲಾಸ್ಟಿಕ್, ಬ್ಯಾಟರಿ ಎಂದು ಮೈಕಿನಲ್ಲಿ ಕೂಗುತ್ತ ಬರುವ ಆ ಗಾಡಿಗೆ ಒಡೆದ ಕೊಡಪಾನದ ಜೊತೆ, ತುಕ್ಕು ಹಿಡಿದ ಸ್ಪ್ರೇಯರಿನ ಜೊತೆ ಫೋನೂ ಬೀಳುತ್ತದೆ. ದುಡ್ಡೇನೂ ಹುಟ್ಟುವುದಿಲ್ಲ, ಜಾಗ ಖಾಲಿಯಾಯಿತಲ್ಲ ಎಂಬ ಸಮಾಧಾನ ಅಷ್ಟೆ.

ಈ ಯಾವ ದಾರಿಯಲ್ಲೂ ಫೋನಿನ ಒಳಗಿರುವುದರ ಬಗ್ಗೆ ಮಾತೇ ಬರುವುದಿಲ್ಲ. ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ, ಡಿಸ್‌ಪ್ಲೇಯಲ್ಲಿ ಗೆರೆ ಉಂಟಾ, ಬಿಲ್ಲು ಉಂಟಾ, ಚಾರ್ಜರ್ ಕೊಡ್ತೀರಾ, ಇಷ್ಟೇ. ನಾವಾಗಿ ಕೇಳಿದರೆ ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ. "ಇದರಲ್ಲಿ ಎಂಥ ಉಂಟು ಮಾರಾಯ್ರೆ, ನಾಲ್ಕು ಫೋಟೊ. ನಾವೇನು ದೊಡ್ಡ ಜನವಾ?"

ಈ ಮಾತನ್ನು ನಾವು ಒಪ್ಪುವುದಿಲ್ಲ. ದೊಡ್ಡ ಜನರ ಫೋನಿನಲ್ಲಿ ಅವರೊಬ್ಬರ ಗುಟ್ಟು ಇರಬಹುದು. ನಮ್ಮ ಕಡೆಯ ಫೋನಿನಲ್ಲಿ ಇಡೀ ಮನೆ ಇರುತ್ತದೆ, ಕೆಲವೊಮ್ಮೆ ಅರ್ಧ ಊರೇ ಇರುತ್ತದೆ.

2021ರ ಜೂನ್ ತಿಂಗಳ ಒಂದು ಚಿತ್ರ ನಿಮಗೆ ನೆನಪಿರಬಹುದು. ಸುಳ್ಯ ತಾಲೂಕಿನ ಗುತ್ತಿಗಾರು ಬಳಿಯ ಬಳ್ಳಕ್ಕದಲ್ಲಿ, ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕೂತು ಹುಡುಗಿಯೊಬ್ಬಳು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ತಂದೆ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದಾರೆ. ಪತ್ರಕರ್ತ ಮಹೇಶ್ ಪುಚ್ಚಪ್ಪಾಡಿ ತೆಗೆದ ಆ ಚಿತ್ರ ದೇಶವೆಲ್ಲ ಓಡಾಡಿತು. ಆಗ ಎಲ್ಲರೂ ಮಾತಾಡಿದ್ದು ನೆಟ್‌ವರ್ಕ್ ಬಗ್ಗೆ, ಮಾತಾಡಬೇಕಾದದ್ದೂ ಅದೇ. ಆದರೆ ಆ ಎರಡು ವರ್ಷಗಳಲ್ಲಿ ನಮ್ಮ ಮೂರು ತಾಲೂಕುಗಳ ಮನೆಮನೆಗೂ, ಸಾಲ ಮಾಡಿಯೋ ಅಡಿಕೆ ಮಾರಿಯೋ, ಒಂದು ಸ್ಮಾರ್ಟ್‌ಫೋನು ಬಂತು. ಮಕ್ಕಳ ಹೆಸರಿನಲ್ಲಿ ಬಂದ ಆ ಫೋನು ಮನೆಯ ಎಲ್ಲ ಕೆಲಸಕ್ಕೂ ನಿಂತಿತು. ಬೆಳಿಗ್ಗೆ ಪಾಠ, ಮಧ್ಯಾಹ್ನ ಅಮ್ಮನ ಸಂಘದ ಗ್ರೂಪು, ಸಂಜೆ ಅಪ್ಪನ ಬ್ಯಾಂಕಿನ ಸಂದೇಶ. ಈಗ ಅವಕ್ಕೆಲ್ಲ ವಯಸ್ಸಾಗಿದೆ. ಸ್ಟೋರೇಜ್ ತುಂಬಿದೆ, ಹೊಸ ಆ್ಯಪ್ ಹಿಡಿಸುವುದಿಲ್ಲ, ಬ್ಯಾಟರಿ ಅರ್ಧ ದಿನಕ್ಕೆ ಕೈಕೊಡುತ್ತದೆ. ಎಕ್ಸ್‌ಚೇಂಜಿಗೆ ಹೊರಟಿರುವುದು ಇವೇ.

ಅಂಥ ಒಂದು ಫೋನಿನ ಗ್ಯಾಲರಿಯಲ್ಲಿ ಏನಿರುತ್ತದೆ ಎಂದು ನಮ್ಮ ನಮ್ಮ ಮನೆಗಳಲ್ಲೇ ಕೂತು ನೋಡಿದೆವು. ಮದುವೆ, ಭೂತಕೋಲ, ಜಾತ್ರೆಯ ಫೋಟೊಗಳ ನಡುನಡುವೆ ಮನೆಯ ಎಲ್ಲರ ಆಧಾರ್ ಕಾರ್ಡು, ಮುಂದಿನ ಬದಿ, ಹಿಂದಿನ ಬದಿ. ಪಾಸ್‌ಬುಕ್ಕಿನ ಮೊದಲ ಪುಟ. ರೇಷನ್ ಕಾರ್ಡು. ಪಹಣಿ. ಮಗಳ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಅಜ್ಜನ ರಕ್ತ ಪರೀಕ್ಷೆಯ ರಿಪೋರ್ಟು. ಎಟಿಎಂ ಕಾರ್ಡಿನ ಫೋಟೊ, ಅದರ ಕೆಳಗೆ ನೋಟ್‌ನಲ್ಲಿ ಪಿನ್. 2023ರಲ್ಲಿ ಗೃಹಲಕ್ಷ್ಮಿಗೆ ಅರ್ಜಿ ಹಾಕುವಾಗ ಸೈಬರ್ ಅಂಗಡಿಗೆ ಕಳುಹಿಸಿದ ದಾಖಲೆಗಳು ಇನ್ನೂ ವಾಟ್ಸಾಪಿನ 'ಸೆಂಟ್' ಫೋಲ್ಡರಿನಲ್ಲಿ ಕೂತಿವೆ. ಬೆಳೆ ಸಮೀಕ್ಷೆಗೆ ತೋಟದಲ್ಲಿ ನಿಂತು ತೆಗೆದ ಫೋಟೊಗಳೂ ಇವೆ.

ಸ್ವಸಹಾಯ ಸಂಘದ ಲೆಕ್ಕ ಬರೆಯುವ ಅಕ್ಕಂದಿರ ಫೋನಿನಲ್ಲಿ ಇದು ಹತ್ತು ಪಟ್ಟು. ಸಾಲದ ಅರ್ಜಿಗೆಂದು ಸದಸ್ಯರೆಲ್ಲ ಆಧಾರ್, ಪಾಸ್‌ಬುಕ್, ಫೋಟೊ ಕಳುಹಿಸುವುದು ಅವರಿಗೇ. ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರ ಫೋನಿನಲ್ಲಿ ಯಾರ ಮನೆಯಲ್ಲಿ ಗರ್ಭಿಣಿಯರಿದ್ದಾರೆ, ಯಾವ ಮಗುವಿನ ತೂಕ ಎಷ್ಟು, ಯಾರಿಗೆ ಯಾವ ಔಷಧ ಎಂಬುದಿರುತ್ತದೆ. ಇವರಲ್ಲಿ ಒಬ್ಬರು ಫೋನು ಬದಲಾಯಿಸಿದರೆ ಹೊರಗೆ ಹೋಗುವುದು ಅವರ ಮಾಹಿತಿ ಮಾತ್ರವಲ್ಲ. ಆದರೆ ಹಾಗೆ ಹೋಯಿತೆಂದು ಆ ಇಪ್ಪತ್ತು ಮನೆಗಳಿಗೆ ಗೊತ್ತೇ ಆಗುವುದಿಲ್ಲ.

ನಮ್ಮ ಕೆಲಸದವರ ಬಗ್ಗೆಯೂ ಹೇಳಬೇಕು. ಹಳ್ಳಿಯಿಂದ ವರದಿ ಮಾಡುವವರಿಗೆ ಕ್ಯಾಮೆರಾ, ರೆಕಾರ್ಡರ್, ನೋಟ್‌ಬುಕ್ ಎಲ್ಲ ಒಂದೇ ಫೋನು. ಅಪಘಾತದ ಸ್ಥಳದಲ್ಲಿ ತೆಗೆದು ಪತ್ರಿಕೆಗೆ ಕಳುಹಿಸದೆ ಬಿಟ್ಟ ಫೋಟೊಗಳು, ಹೆಸರು ಹಾಕಬೇಡಿ ಎಂದು ಹೇಳಿ ಮಾತಾಡಿದವರ ಧ್ವನಿ, ಪೋಕ್ಸೋ ಪ್ರಕರಣದ ದೂರಿನ ಪ್ರತಿ. ಸಂತ್ರಸ್ತೆಯ ಗುರುತು ಅಚ್ಚಿನಲ್ಲಿ ಬರಬಾರದು ಎಂಬ ಕಾನೂನನ್ನು ನಾವು ತರಗತಿಯಲ್ಲಿ ಓದಿದ್ದೇವೆ. ಅದೇ ಹೆಸರು ಎರಡು ಸಾವಿರ ರೂಪಾಯಿಯ ಎಕ್ಸ್‌ಚೇಂಜ್ ಬೋನಸ್ಸಿಗೆ ಮತ್ತೊಬ್ಬರ ಕೈ ಸೇರಬಹುದು ಎಂಬುದು ಪಠ್ಯದಲ್ಲಿರಲಿಲ್ಲ.

2019ರ ಜುಲೈಯಲ್ಲಿ ಪುತ್ತೂರಿನ ವಿದ್ಯಾರ್ಥಿನಿಯೊಬ್ಬಳ ಮೇಲೆ ನಡೆದ ದೌರ್ಜನ್ಯದ ವಿಡಿಯೊ ಫೋನಿಂದ ಫೋನಿಗೆ ಹರಿದದ್ದು ಈ ಊರಿಗೆಲ್ಲ ಗೊತ್ತು. ಅದು ಹಳೆಯ ಫೋನಿನ ಪ್ರಕರಣವಲ್ಲ. ನಾವು ಕೇಳುವುದು ಬೇರೆ. ವಾಟ್ಸಾಪಿನಲ್ಲಿ ಬಂದ ವಿಡಿಯೊ ಕೆಲವು ಫೋನುಗಳಲ್ಲಿ ಕೇಳದೆಯೇ ಇಳಿದು ಕೂರುತ್ತದೆ. ನೋಡದವರ, ನೋಡಲು ಮನಸ್ಸಿಲ್ಲದವರ ಫೋನಿನಲ್ಲೂ. ಆ ಫೋನುಗಳು ಈಗ ಎಲ್ಲಿವೆ? ಯಾರ ಕೈಯಲ್ಲಿವೆ? ಒಬ್ಬಳ ಬದುಕಿನ ಅತಿ ಕೆಟ್ಟ ದಿನ ಯಾವುದೋ ಗುಜರಿ ಅಂಗಡಿಯ ಗೋಣಿಯಲ್ಲಿ ಬಿದ್ದಿರಬಹುದು ಎಂದು ಯೋಚಿಸಿದರೆ "ನಾಲ್ಕು ಫೋಟೊ" ಎಂಬ ಮಾತು ಬಾಯಿಗೆ ಬರುವುದಿಲ್ಲ.

ಹಾಗಾದರೆ ಅಳಿಸಿದರಾಯಿತಲ್ಲ? ಅಳಿಸುವುದು ಎಂದರೆ ಏನೆಂದು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಒಂದು ಫೋಟೊವನ್ನು ಡಿಲೀಟ್ ಮಾಡಿದಾಗ ಫೋನು ಅದನ್ನು ಪಟ್ಟಿಯಿಂದ ತೆಗೆಯುತ್ತದೆ. ಪಹಣಿಯಲ್ಲಿ ಹೆಸರು ತೆಗೆದರೂ ಜಾಗದಲ್ಲಿ ಅಡಿಕೆ ಮರ ನಿಂತೇ ಇರುವ ಹಾಗೆ. ಹೊಸಬರು ಬಂದು ಕಡಿದು ಬೇರೆ ನೆಡುವ ತನಕ ಅದು ಅಲ್ಲೇ. ಮರಳಿ ತೆಗೆಯುವ ಸಾಫ್ಟ್‌ವೇರ್ ದುಡ್ಡಿಲ್ಲದೆಯೂ ಸಿಗುತ್ತದೆ. 2014ರಲ್ಲಿ ಅವಾಸ್ಟ್ ಎಂಬ ಕಂಪನಿ ಆನ್‌ಲೈನ್‌ನಲ್ಲಿ 20 ಹಳೆಯ ಆಂಡ್ರಾಯ್ಡ್ ಫೋನು ಕೊಂಡು, ಮಾರಿದವರು ಅಳಿಸಿದ್ದೇವೆಂದು ಅಂದುಕೊಂಡಿದ್ದ 40,000ಕ್ಕೂ ಹೆಚ್ಚು ಫೋಟೊಗಳನ್ನು ಹೊರತೆಗೆಯಿತು. ಮರುವರ್ಷ ಕೇಂಬ್ರಿಜ್ ವಿಶ್ವವಿದ್ಯಾಲಯದ ಲಾರೆಂಟ್ ಸೈಮನ್ ಮತ್ತು ರಾಸ್ ಆಂಡರ್ಸನ್ 21 ಫೋನುಗಳನ್ನು ಪರೀಕ್ಷಿಸಿ, ಆ ಕಾಲದ ಆಂಡ್ರಾಯ್ಡ್‌ಗಳಲ್ಲಿ ಫ್ಯಾಕ್ಟರಿ ರೀಸೆಟ್ ಕೂಡ ಎಲ್ಲವನ್ನೂ ಅಳಿಸುತ್ತಿರಲಿಲ್ಲ ಎಂದು ತೋರಿಸಿದರು.

ಈಗ ಸ್ಥಿತಿ ಸುಧಾರಿಸಿದೆ, ಅದನ್ನೂ ಹೇಳದಿದ್ದರೆ ಹೆದರಿಸಿದ ಹಾಗಾಗುತ್ತದೆ. 2019ರ ಆಂಡ್ರಾಯ್ಡ್ 10ರಿಂದೀಚೆ ಬಂದ ಫೋನುಗಳಲ್ಲಿ ಒಳಗಿನದೆಲ್ಲ ಬೀಗ ಹಾಕಿದ ರೂಪದಲ್ಲೇ ಇರುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಆ ಬೀಗದ ಕೀಲಿಯೇ ನಾಶವಾಗುತ್ತದೆ, ಉಳಿದದ್ದು ಯಾರಿಗೂ ಓದಲು ಬಾರದ ಕಸ. ಐಫೋನಿನಲ್ಲಿ ಮೊದಲಿಂದಲೂ ಹೆಚ್ಚುಕಡಿಮೆ ಹೀಗೇ. ಹಾಗಾಗಿ ಕೋವಿಡ್ ಕಾಲದಲ್ಲಿ ಹೊಸದಾಗಿ ಕೊಂಡ ಫೋನಿಗೆ ಸರಿಯಾಗಿ ರೀಸೆಟ್ ಮಾಡಿದರೆ ಸಾಕು. ಒಂದೊಂದೇ ಫೋಟೊ ಅಳಿಸುತ್ತ ಕೂತರೆ ಸಾಲದು. ರೀಸೆಟ್‌ಗೆ ಮೊದಲು ಗೂಗಲ್ ಖಾತೆಯನ್ನು ಸೆಟ್ಟಿಂಗ್ಸಿನಲ್ಲಿ ತೆಗೆಯಬೇಕು, ಇಲ್ಲದಿದ್ದರೆ ಕೊಂಡವರ ಫೋನು ನಿಮ್ಮ ಪಾಸ್‌ವರ್ಡ್ ಕೇಳುತ್ತ ನಿಲ್ಲುತ್ತದೆ, ಅವರು ನಿಮ್ಮ ಮನೆಗೆ ಬರುತ್ತಾರೆ. ಐಫೋನಿನಲ್ಲಿ ಫೈಂಡ್ ಮೈ ಆಫ್ ಮಾಡಬೇಕು.

ಮೆಮೊರಿ ಕಾರ್ಡಿನ ಕತೆ ಬೇರೆ. ಅದಕ್ಕೆ ಆ ಬೀಗ ಸಾಮಾನ್ಯವಾಗಿ ಇರುವುದಿಲ್ಲ. ಒಂದು ಕಾಲದಲ್ಲಿ ಪೇಟೆಗೆ ಹೋದರೆ ಮೆಮೊರಿಗೆ ಯಕ್ಷಗಾನ, ತುಳು ಹಾಡು ಹಾಕಿಸಿಕೊಂಡು ಬರುವ ಅಭ್ಯಾಸವಿತ್ತಲ್ಲ, ಆ ಕಾರ್ಡುಗಳು ಫೋನಿಂದ ಫೋನಿಗೆ ದಾಟಿ ಇನ್ನೂ ಬದುಕಿವೆ. ಫಾರ್ಮ್ಯಾಟ್ ಮಾಡಿದರೂ ಹಳೆಯದು ಹೊರಬರಬಹುದು. ಕಾರ್ಡು ತೆಗೆದು ನೀವೇ ಇಟ್ಟುಕೊಳ್ಳಿ, ಬೇಡವೆಂದರೆ ಕತ್ತರಿಸಿ ಹಾಕಿ. ಅದಕ್ಕಾಗಿ ಅಂಗಡಿಯವರು ಒಂದು ರೂಪಾಯಿಯೂ ಹೆಚ್ಚು ಕೊಡುವುದಿಲ್ಲ.

ಕೀಪ್ಯಾಡ್ ಫೋನಿನ ಹತ್ತಿರವೂ ಇದೇ ಮಾತು. ಅದರಲ್ಲಿ ಫೋಟೊ ಇಲ್ಲದಿರಬಹುದು, ಸಂದೇಶಗಳು ಇರುತ್ತವೆ. ಬ್ಯಾಂಕಿನ ಬಾಕಿ, ಖಾತೆಯ ಕೊನೆಯ ಅಂಕಿಗಳು, ಒಟಿಪಿ. 2018ರಲ್ಲಿ ಹಳೆಯ ಕೀಪ್ಯಾಡ್ ಫೋನು ಮತ್ತು 501 ರೂಪಾಯಿ ಕೊಟ್ಟರೆ ಜಿಯೋಫೋನು ಎಂಬ ಕೊಡುಗೆ ಬಂದಾಗ, ಇನ್‌ಬಾಕ್ಸ್ ಖಾಲಿ ಮಾಡಿ ಎಂಬ ಮಾತು ನಮ್ಮ ಊರುಗಳಲ್ಲಿ ಯಾರ ಬಾಯಲ್ಲೂ ಇರಲಿಲ್ಲ.

ನಮಗೆ ಹೆಚ್ಚು ಆತಂಕವಾಗುವುದು ಅಂಗಡಿಯ ಕೌಂಟರಿನಲ್ಲಿ. ರಿಪೇರಿಗೆ ಕೊಟ್ಟ ಫೋನಿನ ಹಿಂದೆ ಒಂದು ಸಣ್ಣ ಚೀಟಿ ಅಂಟಿಸುತ್ತಾರೆ. ಹೆಸರು, ಇನ್ನೊಂದು ನಂಬರು, ಒಂಬತ್ತು ಚುಕ್ಕಿಯಲ್ಲಿ ಗೆರೆ ಎಳೆದು ತೋರಿಸಿದ ಪ್ಯಾಟರ್ನ್. ಡಿಸ್‌ಪ್ಲೇ ಹಾಕಿ ಟಚ್ ನೋಡಬೇಕಲ್ಲ ಎಂಬುದು ಕಾರಣ, ಅದು ಸುಳ್ಳೂ ಅಲ್ಲ. ಆದರೆ ಆ ಚೀಟಿಯ ಫೋನು ಎರಡು ದಿನ ಮೇಜಿನ ಮೇಲೆ, ಹೋಗಿ ಬರುವ ಯಾರ ಕೈಗೂ ಸಿಗುವ ಹಾಗೆ ಇರುತ್ತದೆ. ಎಕ್ಸ್‌ಚೇಂಜಿಗೂ ಹೀಗೇ: "ಅಕ್ಕ, ಪ್ಯಾಟರ್ನ್ ಹೇಳಿ ಹೋಗಿ, ಆಮೇಲೆ ರೀಸೆಟ್ ಮಾಡ್ತೇವೆ." ನಾವು ಅಂಗಡಿಯವರನ್ನು ಕಳ್ಳರೆಂದು ಹೇಳುತ್ತಿಲ್ಲ. ಅಲ್ಲಿ ಕೆಲಸ ಮಾಡುವ ಹುಡುಗರಲ್ಲಿ ಹಲವರು ನಮ್ಮ ಜೊತೆ ಪಿಯುಸಿ ಓದಿದವರು. ಆದರೆ ನಂಬಿಕೆ ಬೇರೆ, ವ್ಯವಸ್ಥೆ ಬೇರೆ. ಸೊಸೈಟಿಯ ಸೆಕ್ರೆಟರಿಯನ್ನು ನಂಬುತ್ತೇವೆ, ಆದರೂ ರಸೀದಿ ಕೇಳಿಯೇ ಕೇಳುತ್ತೇವಲ್ಲ.

ಹಾಗಾಗಿ ನಮ್ಮ ಮೊದಲ ಬೇಡಿಕೆ ಅಂಗಡಿಗಳಿಗೆ. ರೀಸೆಟ್ ಗ್ರಾಹಕರ ಕಣ್ಣೆದುರೇ ಆಗಲಿ, ಪರದೆಯಲ್ಲಿ ಭಾಷೆ ಆಯ್ಕೆ ಮಾಡಿ ಎಂಬ ಮೊದಲ ಪುಟ ಬಂದದ್ದನ್ನು ಅವರೇ ನೋಡಿ ಹೋಗಲಿ. ಹತ್ತು ನಿಮಿಷದ ಕೆಲಸ. ಪಡೆದ ಫೋನಿನ ಐಎಂಇಐ ನಂಬರು ಮತ್ತು ದಿನಾಂಕ ಬರೆದ ಚೀಟಿ ಕೊಡಲಿ. *#06# ಒತ್ತಿದರೆ ಆ ನಂಬರು ಬರುತ್ತದೆ. ನಾಳೆ ಅದೇ ಫೋನಿನಿಂದ ಯಾರೋ ಮೋಸದ ಕರೆ ಮಾಡಿದರೆ, ಇಂಥ ದಿನವೇ ಕೊಟ್ಟಾಗಿತ್ತು ಎಂದು ತೋರಿಸಲು ಕೈಯಲ್ಲಿ ಕಾಗದ ಇರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೂ ಆ ನಂಬರು ಬೇಕು. ಕೆವೈಎಂ ಎಂದು ಇಂಗ್ಲಿಷಿನಲ್ಲಿ ಬರೆದು ಐಎಂಇಐ ಸೇರಿಸಿ 14422ಕ್ಕೆ ಎಸ್ಸೆಮ್ಮೆಸ್ ಮಾಡಿದರೆ ಫೋನಿನ ಜಾತಕ ಬರುತ್ತದೆ.

ಫೋನಿಗಿಂತ ದೊಡ್ಡ ಅಪಾಯ ನಂಬರು. ರೀಚಾರ್ಜ್ ದುಬಾರಿಯಾಯಿತೆಂದು ಎರಡನೇ ಸಿಮ್ ಬಿಟ್ಟವರು ಈಗ ಮನೆಗೊಬ್ಬರು ಇದ್ದಾರೆ. ಆ ನಂಬರು ಬ್ಯಾಂಕಿಗೆ, ಆಧಾರಿಗೆ, ಪಿಂಚಣಿಗೆ ಜೋಡಿಸಿದ್ದಾಗಿತ್ತೇ ಎಂದು ಕೇಳಿದರೆ ನೆನಪಿಲ್ಲ. ಕಡಿತವಾದ ನಂಬರನ್ನು ಕಂಪನಿಗಳು 90 ದಿನ ಇಟ್ಟು ಆಮೇಲೆ ಬೇರೆಯವರಿಗೆ ಕೊಡಬಹುದು. ಈ ವಿಷಯ 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಹಳೆಯ ನಂಬರಿನ ವಾಟ್ಸಾಪ್ ಖಾತೆ ಮತ್ತು ಫೋನಿನಲ್ಲಿರುವ ಮಾಹಿತಿ ಅಳಿಸಿಕೊಳ್ಳುವುದು ಚಂದಾದಾರರ ಕೆಲಸ ಎಂದು ಕೋರ್ಟು ಅರ್ಜಿಯನ್ನು ಮುಗಿಸಿತು. ಕಾನೂನಿನ ದೃಷ್ಟಿಯಿಂದ ಸರಿ ಇರಬಹುದು. ಆದರೆ ಕೊಲ್ಲಮೊಗ್ರದ ಅಜ್ಜಿಯೂ ಬೆಂಗಳೂರಿನ ಇಂಜಿನಿಯರೂ ಒಂದೇ ಬಗೆಯ ಚಂದಾದಾರರೇ?

ಕಾನೂನಿನ ಮಾತು ಬಂದದ್ದಕ್ಕೆ ಒಂದು ಸಂಗತಿ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ. ಅವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. 2023ರಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿ ಸಂರಕ್ಷಣೆಯ ಕಾಯ್ದೆಯೂ ಬಂತು. ಅದರ ಕಣ್ಣು ಇರುವುದು ಮಾಹಿತಿ ಸಂಗ್ರಹಿಸುವ ಕಂಪನಿ, ಸಂಸ್ಥೆಗಳ ಮೇಲೆ. ಇ-ತ್ಯಾಜ್ಯದ 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ, ಅವುಗಳ ಕಣ್ಣು ತ್ಯಾಜ್ಯದ ಮೇಲೆ. ಒಬ್ಬರ ಖಾಸಗಿ ಚಿತ್ರವನ್ನು ಒಪ್ಪಿಗೆಯಿಲ್ಲದೆ ಹಂಚಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಪ್ರಕಾರ ಮೂರು ವರ್ಷದವರೆಗೆ ಜೈಲು ಉಂಟು, ಆದರೆ ಅದು ಹಂಚಿದ ಮೇಲೆ. ಗುಜರಿ ಗೋಣಿಯಲ್ಲಿ ಬಿದ್ದ ಫೋನಿನ ನೆನಪು ಇವುಗಳ ನಡುವಿನ ಸಂದಿಯಲ್ಲಿ ಜಾರಿ ಹೋಗುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಜನ ಯಾಕೆ ರೀಸೆಟ್ ಮಾಡುವುದಿಲ್ಲ? ಸೋಮಾರಿತನ ಎಂದು ಬಿಡುವುದು ಸುಲಭ. ನಮಗೆ ಕಂಡ ಕಾರಣ ಬೇರೆ. ತೀರಿಹೋದ ಅಪ್ಪನ ಕೊನೆಯ ಫೋಟೊ ಅದರಲ್ಲಿದೆ. ಅಜ್ಜಿ ಹೇಳಿದ ಪಾಡ್ದನದ ರೆಕಾರ್ಡಿಂಗ್ ಇದೆ. ದುಬೈಯಲ್ಲಿರುವ ಮಗ ವಾಟ್ಸಾಪಿನಲ್ಲಿ ಕಳುಹಿಸಿದ ಧ್ವನಿಗಳಿವೆ. ರೀಸೆಟ್ ಎಂದರೆ ಅದೆಲ್ಲ ಹೋಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಉಳಿಸುವುದು ಹೇಗೆಂದು ಗೊತ್ತಿಲ್ಲ. ಹಾಗಾಗಿ ಫೋನು ಕಪಾಟಿನಲ್ಲಿ, ಸೀರೆಯ ಮಡಿಕೆಯಲ್ಲಿ, ಬ್ಯಾಟರಿ ಉಬ್ಬುವ ತನಕ ಕೂರುತ್ತದೆ. ಒಂದು ದಿನ ಮನೆಯ ಕಿರಿಯರು ಯಾರೋ ಇದೆಂಥ ಕಸ ಎಂದು ಗಾಡಿಗೆ ಹಾಕುತ್ತಾರೆ. ನೆನಪೂ ಹೋಯಿತು, ಗುಟ್ಟೂ ಹೋಯಿತು.

ಈ ಕಾರಣಕ್ಕೆ "ಅಳಿಸಿ" ಎಂದು ಹೇಳುವ ಮೊದಲು "ಉಳಿಸಿ" ಎಂದು ಹೇಳಬೇಕು ಎಂಬುದು ನಮ್ಮ ಅಭಿಪ್ರಾಯ. ಮನೆಯಲ್ಲಿ ಕಾಲೇಜಿಗೆ ಹೋಗುವವರು ಒಂದು ಭಾನುವಾರ ಕೂತು, ಬೇಕಾದ ಫೋಟೊ, ಧ್ವನಿಗಳನ್ನು ಪೆನ್‌ಡ್ರೈವಿಗೋ ಕಂಪ್ಯೂಟರಿಗೋ ಹಾಕಿ, ಅಜ್ಜಿಗೆ ತೋರಿಸಿ, ಆಮೇಲೆ ರೀಸೆಟ್ ಒತ್ತಲಿ. ಹೊಸ ಫೋನಿನಲ್ಲಿ ವಾಟ್ಸಾಪ್ ಬಂದರೆ ಹಳೆಯದು ಖಾಲಿಯಾಯಿತೆಂದು ತಿಳಿಯಬೇಡಿ. ಖಾತೆ ಅಲ್ಲಿ ಮುಚ್ಚಿಕೊಳ್ಳಬಹುದು, ಫೋಲ್ಡರಿನ ಚಿತ್ರಗಳು ಅಲ್ಲೇ ಇರುತ್ತವೆ. ಮನೆಯೊಳಗೆ ಕೈ ಬದಲಾಗುವ ಫೋನಿಗೂ ರೀಸೆಟ್ ಬೇಕು. ತಂಗಿಯ ಫೋನು ತಮ್ಮನಿಗೆ ಹೋಗುವಾಗ ಅವಳ ಗೂಗಲ್ ಫೋಟೊಸ್ ಅದರಲ್ಲೇ ತೆರೆದಿರಬೇಕಾದ ಅಗತ್ಯ ಏನಿದೆ? ಹುಡುಗಿಯರಿಗೂ ಮನೆಯೊಳಗೆ ಒಂದಿಷ್ಟು ಸ್ವಂತದ್ದು ಬೇಡವೇ? ಈ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ.

ಆನ್ ಆಗದ ಫೋನೇ ಕಷ್ಟದ್ದು. ಡಿಸ್‌ಪ್ಲೇ ಸತ್ತರೂ ಒಳಗಿನ ಮೆಮೊರಿ ಸತ್ತಿರುವುದಿಲ್ಲ. ಇಂಥದ್ದನ್ನು ಒಲೆಗೆ ಹಾಕುವುದು, ಬ್ಯಾಟರಿ ಸಮೇತ ಸುತ್ತಿಗೆಯಲ್ಲಿ ಬಡಿಯುವುದು ಬೇಡ. ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಕೈ ಹೋಗುತ್ತದೆ. ಬೇರೆ ಫೋನಿನಲ್ಲಿ ಗೂಗಲ್ ಖಾತೆ ತೆರೆದು, 'ನಿಮ್ಮ ಸಾಧನಗಳು' ಎಂಬಲ್ಲಿ ಹಳೆಯದನ್ನು ಸೈನ್ ಔಟ್ ಮಾಡಿ, ಪಾಸ್‌ವರ್ಡ್ ಬದಲಿಸಿ. ಸಾಧ್ಯವಾದರೆ ಗೊತ್ತಿರುವ ರಿಪೇರಿಯವರ ಹತ್ತಿರ ಹೋಗಿ ಎದುರೇ ಬಿಚ್ಚಿಸಿ, ಬೋರ್ಡು ಮಾತ್ರ ತೆಗೆದು ಮುರಿಸಿಕೊಳ್ಳಿ. ಹಣ ಹೋದ ಅನುಮಾನ ಬಂದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಉಳಿದದ್ದು ಪಂಚಾಯತಿನ ಕೆಲಸ. ಒಣ ಕಸಕ್ಕೆ ಸ್ವಚ್ಛ ವಾಹಿನಿ ಬರುತ್ತದೆ, ಅದನ್ನು ಓಡಿಸುವ ಅಕ್ಕಂದಿರು ಪ್ಲಾಸ್ಟಿಕ್ ಬೇರೆ, ಗಾಜು ಬೇರೆ ಮಾಡಿ ಒಯ್ಯುತ್ತಾರೆ. ಫೋನಿಗೆ ಮಾತ್ರ ಬೇರೆ ಜಾಗವಿಲ್ಲ. ಪಂಚಾಯತ್ ಕಚೇರಿಯಲ್ಲಿ ಬೀಗ ಹಾಕಿದ ಒಂದು ಪೆಟ್ಟಿಗೆ ಇಡಬಹುದು, ಮತಪೆಟ್ಟಿಗೆಯ ಹಾಗೆ, ಒಳಗೆ ಹಾಕಲು ಬರುವ, ತೆಗೆಯಲು ಬಾರದ ಪೆಟ್ಟಿಗೆ. ವರ್ಷಕ್ಕೊಮ್ಮೆ ಅಧಿಕೃತ ಮರುಬಳಕೆದಾರರಿಗೆ ಲೆಕ್ಕ ಹಾಕಿ, ಸಹಿ ಪಡೆದು ಕೊಡಬಹುದು. ತಿಂಗಳಿಗೊಂದು ದಿನ ಗ್ರಂಥಾಲಯದಲ್ಲಿ ಇಬ್ಬರು ವಿದ್ಯಾರ್ಥಿಗಳು ಕೂತು ಫೋಟೊ ಉಳಿಸಿ ರೀಸೆಟ್ ಮಾಡಿಕೊಡಬಹುದು. ದೊಡ್ಡ ಅನುದಾನದ ಯೋಜನೆ ಇದಲ್ಲ. ಮುಂದಿನ ಸುತ್ತಿನ ಗ್ರಾಮಸಭೆಗಳಲ್ಲಿ ನಾವು ನಮ್ಮ ನಮ್ಮ ಊರಿನಲ್ಲಿ ಇದನ್ನು ಎದ್ದು ನಿಂತು ಕೇಳಲಿದ್ದೇವೆ. ನಿಮ್ಮ ಪಂಚಾಯತಿನಲ್ಲಿ ನೀವೂ ಕೇಳಿ, ಕೇಳಿದ್ದು ನಿರ್ಣಯ ಪುಸ್ತಕದಲ್ಲಿ ಬರೆದಿದ್ದಾರೆಯೇ ಎಂದು ನೋಡಿ, ಏನಾಯಿತೆಂದು ನಮಗೂ ತಿಳಿಸಿ.